ಸೆರಗಿನ ಕೆಂಪು ಹುಡುಕುತ್ತಾ ಮೂರು ರಾ ಸಾಫ್ಟ್‌ವೇರ್‌ಗಳು

ನಮ್ಮ ಅಕ್ಕ ಬಾಗಲಕೋಟೆಯಿಂದ ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾಳೆ. ಫೋಟೋ ತೆಗೆಯುವುದು ನನ್ನ ಕೆಲಸ. ಒಂದು ಸಲ ಗಿರಾಕಿಯೊಬ್ಬರು ಬಣ್ಣ ಬೇರೆ ಇದೆ ಎಂದು ಸೀರೆ ವಾಪಸ್ ಕಳಿಸಿದರು. ಅಕ್ಕ ಸೀರೆಯನ್ನೂ ಫೋನನ್ನೂ ಕಿಟಕಿ ಹತ್ತಿರ ಹಿಡಿದು, "ತಮ್ಮಾ, ಇದು ನಮ್ಮ ಸೆರಗಿನ ಕೆಂಪು ಅಲ್ಲೋ" ಅಂದಳು. ನಿಜ. ಸೆರಗಿನ ಕಡುಗೆಂಪು ಫೋಟೋದಲ್ಲಿ ಕಿತ್ತಳೆ ಕಡೆಗೆ ವಾಲಿತ್ತು. ರೇಷ್ಮೆಯ ಎಳೆಗಳೂ ಕಾಣುತ್ತಿರಲಿಲ್ಲ, ಹಾಳೆಗೆ ಬಣ್ಣ ಬಳಿದ ಹಾಗಿತ್ತು.

ಆಮೇಲೆ ಒಂದೇ ರಾ ಫೈಲನ್ನು (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಉಳಿಸಿದ ಫೈಲ್) ಫೋಟೋ ತಿದ್ದುವ ಸಾಫ್ಟ್‌ವೇರ್‌ಗಳಾದ ಲೈಟ್‌ರೂಮ್, ರಾಥೆರಪಿ, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ ಮೂರರಲ್ಲೂ ತೆರೆದು ನೋಡಲು ಶುರು ಮಾಡಿದೆ. ಕೊನೆಯ ಎರಡಕ್ಕೆ ದುಡ್ಡು ಕೊಡಬೇಕಿಲ್ಲ. ಕ್ಯಾಮೆರಾ ನಿಕಾನ್ ಡಿ7200, 24 ಮೆಗಾಪಿಕ್ಸೆಲ್. ಟ್ರೈಪಾಡ್, ಎಫ್/8, ಐಎಸ್‌ಒ 100, ಕಿಟಕಿಯ ಬೆಳಕು.

ಮೊದಲ ವಾರದ ಹೋಲಿಕೆಯನ್ನೆಲ್ಲ ಎಸೆಯಬೇಕಾಯಿತು. ಲೈಟ್‌ರೂಮ್ ಫೈಲ್ ತೆರೆದ ಕೂಡಲೇ ತಾನಾಗಿ 40ರಷ್ಟು ಶಾರ್ಪನಿಂಗ್ (ಅಂಚುಗಳನ್ನು ಚೂಪು ಮಾಡುವುದು) ಹಾಕಿರುತ್ತದೆ. ಎನ್‌ಎಕ್ಸ್ ಸ್ಟುಡಿಯೋ ಕ್ಯಾಮೆರಾದಲ್ಲಿ ಇಟ್ಟ ಪಿಕ್ಚರ್ ಕಂಟ್ರೋಲನ್ನೇ (ಬಣ್ಣ, ಕಾಂಟ್ರಾಸ್ಟ್‌ಗಳ ಸಿದ್ಧ ಸೆಟ್ಟಿಂಗ್) ಎತ್ತಿಕೊಳ್ಳುತ್ತದೆ. ರಾಥೆರಪಿಯ ನ್ಯೂಟ್ರಲ್ ಪ್ರೊಫೈಲ್ ಏನನ್ನೂ ಸೇರಿಸುವುದಿಲ್ಲ, ಹಾಗಾಗಿ ಅದು ಸಪ್ಪೆಯಾಗಿ ಕಂಡಿತ್ತು. ಅಡುಗೆ ಮುಗಿದ ಸಾರನ್ನೂ ಬರೀ ಬೇಳೆ ಕಟ್ಟನ್ನೂ ಪಕ್ಕ ಇಟ್ಟು ರುಚಿ ನೋಡಿದಂತೆ, ಅಲ್ವಾ? ಹಾಗಾಗಿ ಮೂರರಲ್ಲೂ ಶಾರ್ಪನಿಂಗ್, ನಾಯ್ಸ್ ರಿಡಕ್ಷನ್ ಸೊನ್ನೆ ಮಾಡಿದೆ. ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವುದು) ಕೆಲ್ವಿನ್ ಸಂಖ್ಯೆ ಹಾಕುವುದನ್ನೂ ಬಿಟ್ಟೆ. ಒಂದರಲ್ಲಿ 5200 ಅಂದರೆ ಇನ್ನೊಂದರಲ್ಲಿ ಅದೇ ಬಣ್ಣ ಬರುವುದಿಲ್ಲ. ಪಕ್ಕದಲ್ಲಿ ಬೂದು ಕಾರ್ಡ್ ಇಟ್ಟು, ಮೂರರಲ್ಲೂ ಅದರ ಮೇಲೆಯೇ ಕ್ಲಿಕ್ ಮಾಡಿದೆ.

ಬಣ್ಣದ ವಿಷಯದಲ್ಲಿ ನನಗೆ ದೊಡ್ಡ ಪಾಠವಾಯಿತು. 24 ಚೌಕಗಳ ಕಲರ್‌ಚೆಕರ್ ಕಾರ್ಡನ್ನು ಅದೇ ಕಿಟಕಿ ಬೆಳಕಲ್ಲಿ ತೆಗೆದು, ಅದರಿಂದ ಡಿಸಿಪಿ ಪ್ರೊಫೈಲ್ (ಕ್ಯಾಮೆರಾದ ಬಣ್ಣಗಳನ್ನು ಹೇಗೆ ಓದಬೇಕೆಂದು ಸಾಫ್ಟ್‌ವೇರ್‌ಗೆ ಹೇಳುವ ಫೈಲ್) ಮಾಡಿದೆ. ಅದೇ ಪ್ರೊಫೈಲನ್ನು ಲೈಟ್‌ರೂಮ್‌ಗೂ ರಾಥೆರಪಿಗೂ ಕೊಟ್ಟು, ಟೋನ್ ಕರ್ವ್ (ಕತ್ತಲು ಬೆಳಕಿನ ಏರಿಳಿತ ತೀರ್ಮಾನಿಸುವ ಗೆರೆ) ಹೊಂದಿಸಿದೆ. ಎರಡರ ಕೆಂಪೂ ಹೆಚ್ಚುಕಮ್ಮಿ ಒಂದೇ ಆಯಿತು! ಒಂದರ ಬಣ್ಣ ಬೆಚ್ಚಗೆ, ಇನ್ನೊಂದರದು ತಣ್ಣಗೆ ಎಂದು ಅಷ್ಟು ದಿನ ಹೇಳಿಕೊಂಡು ಬಂದಿದ್ದೆ. ವ್ಯತ್ಯಾಸದ ಬಹುಪಾಲು ಇದ್ದದ್ದು ಪ್ರೊಫೈಲ್ ಮತ್ತು ಕರ್ವ್‌ನಲ್ಲಿ. ಕೆಂಪು ಯಾಕೆ ಕಿತ್ತಳೆ ಆಗಿತ್ತು ಎನ್ನುವುದೂ ಆಗಲೇ ತಿಳಿಯಿತು. ಕಡಿದಾದ ಕರ್ವ್‌ನಲ್ಲಿ ಕೆಂಪು ಚಾನೆಲ್ 255ಕ್ಕೆ, ಅಂದರೆ ಗರಿಷ್ಠ ಮಟ್ಟಕ್ಕೆ, ಹೋಗಿ ನಿಂತುಬಿಡುತ್ತದೆ. ಹಸಿರು ಮಾತ್ರ ಏರುತ್ತಲೇ ಇರುತ್ತದೆ. ಎಳೆಗಳು ಮಾಯವಾಗುವುದೂ ಅಲ್ಲೇ.

ಎನ್‌ಎಕ್ಸ್ ಸ್ಟುಡಿಯೋ ಡಿಸಿಪಿ ತೆಗೆದುಕೊಳ್ಳುವುದಿಲ್ಲ. ಆದರೂ ಪಿಕ್ಚರ್ ಕಂಟ್ರೋಲನ್ನು ನ್ಯೂಟ್ರಲ್‌ಗೆ ಇಟ್ಟರೆ ಅಕ್ಕ ಒಪ್ಪುವಂಥ ಕೆಂಪು ಬಂತು. ಜಾಸ್ತಿ ತಲೆಕೆಡಿಸಿಕೊಳ್ಳಲು ಸಮಯವಿಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಎಳೆಗಳ ವಿಷಯ. ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ 12 ಹಸಿರಿಗೆ, 6 ಕೆಂಪಿಗೆ, 6 ನೀಲಿಗೆ. ಉಳಿದದ್ದನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ಲೆಕ್ಕ ಹಾಕಿ ತುಂಬುತ್ತದೆ. ಅಂದರೆ ಕೆಂಪು ಸೆರಗಿನ ನೇಯ್ಗೆಯನ್ನು ಚೆನ್ನಾಗಿ ಕಂಡದ್ದು ಕಾಲು ಭಾಗ ಪಿಕ್ಸೆಲ್‌ಗಳು ಮಾತ್ರ. ಈ ತುಂಬುವ ಕೆಲಸದಲ್ಲಿ ಸಾಫ್ಟ್‌ವೇರ್‌ಗಳ ಕೈಚಳಕ ನಿಜವಾಗಿ ಬೇರೆ ಬೇರೆ. ಸೆರಗಿನಲ್ಲಿ ಬಿಳಿ ತೆನೆ ಮತ್ತು ಕೆಂಪು ಸೇರುವ ಅಂಚನ್ನು 200 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿದೆ. ರಾಥೆರಪಿಯ ಅಮೇಜ್ ಎಂಬ ತುಂಬುವ ವಿಧಾನ ಎಲ್ಲಕ್ಕಿಂತ ಚೊಕ್ಕವಾಗಿ ಎಳೆ ಬಿಡಿಸಿತ್ತು. ಅದಕ್ಕೆ ಕ್ಯಾಪ್ಚರ್ ಶಾರ್ಪನಿಂಗ್ ಸೇರಿಸಿದಾಗ ರೇಷ್ಮೆಯ ಹೊಳಪು ಕೂಡ ಎದ್ದು ಬಂತು.

ಸಣ್ಣ ಚೌಕಡಿಯ ಒಡಲಿನಲ್ಲಿ ಮಾತ್ರ ಮೂರೂ ಸೋತವು. ಡಿ7200ರಲ್ಲಿ ಲೋ ಪಾಸ್ ಫಿಲ್ಟರ್ (ತೀರಾ ಸಣ್ಣ ವಿವರಗಳನ್ನು ಸ್ವಲ್ಪ ಮಸುಕು ಮಾಡುವ ಪದರ) ಇಲ್ಲ, ಹಾಗಾಗಿ ಸೀರೆಯಲ್ಲಿ ಇಲ್ಲದ ಹಸಿರು-ನೇರಳೆ ಅಲೆಗಳು ಬಟ್ಟೆಯ ಮೇಲೆ ಹರಿಯುತ್ತವೆ. ಇದಕ್ಕೆ ಮ್ವಾರೆ ಎನ್ನುತ್ತಾರೆ. ಲೈಟ್‌ರೂಮ್‌ನ ಮ್ವಾರೆ ಬ್ರಷ್ ಆ ಬಣ್ಣವನ್ನು ಒರೆಸುತ್ತದೆ. ರಾಥೆರಪಿಯಲ್ಲಿ ಫಾಲ್ಸ್ ಕಲರ್ ಸಪ್ರೆಶನ್ ಎರಡು ಹಂತ ಇಟ್ಟರೆ ತಗ್ಗುತ್ತದೆ. ಆದರೆ ಅಲೆಯ ಆಕಾರ ಉಳಿದೇ ಇರುತ್ತದೆ. ಟ್ರೈಪಾಡನ್ನು ಒಂದಡಿ ಹಿಂದೆ ಅಥವಾ ಮುಂದೆ ಸರಿಸಿ ಇನ್ನೊಂದು ಫೋಟೋ ತೆಗೆಯುವುದೇ ಸುಲಭ. ಈಗ ಚೌಕಡಿ ಸೀರೆ ಇದ್ದರೆ ಮೂರು ದೂರದಿಂದ ತೆಗೆದಿಟ್ಟುಕೊಳ್ಳುತ್ತೇನೆ.

ಸದ್ಯಕ್ಕೆ ಸೆರಗಿನ ಹತ್ತಿರದ ಫೋಟೋಗಳಿಗೆ ರಾಥೆರಪಿ, ಐವತ್ತು ಅರವತ್ತು ಸೀರೆ ಒಟ್ಟಿಗೆ ಬಂದಾಗ ಲೈಟ್‌ರೂಮ್. ಕೊನೆಯಲ್ಲಿ ಎಸ್‌ಆರ್‌ಜಿಬಿಗೆ (ವೆಬ್‌ನಲ್ಲಿ ಬಳಸುವ ಬಣ್ಣಗಳ ವ್ಯಾಪ್ತಿ) ಇಳಿಸುವಾಗ ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೆ ಕಾಣುವವರೆಗೆ ತಗ್ಗಿಸುತ್ತೇನೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆಗಳು ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಅದನ್ನು ಯಾವ ಪ್ರೊಫೈಲೂ ಒಂದೇ ಫೋಟೋದಲ್ಲಿ ಹಿಡಿದು ಕೊಡಲಿಲ್ಲ. ಅಂಥ ಸೀರೆಗೆ ಎರಡು ಫೋಟೋ ಹಾಕುತ್ತೇವೆ. ಎರಡೂ ಅದೇ ಸೀರೆ ಎಂದು ಅಕ್ಕ ಕೆಳಗೆ ಬರೆಯುತ್ತಾಳೆ.