ಏಳು ಭಾನುವಾರದ ಓದು

“ಟೀಚರೇ, ನೀವು ನಮಗೆ ಹೇಳಿದ್ದು ಬೇರೆಯೇ ಕಥೆ.”

ನಾಲ್ಕನೇ ಓದುಕೂಟದ ದಿನ ಎಲ್ಲರೂ ಬಂದು ಕೂರುವ ಮೊದಲೇ ನಮ್ಮ ನರ್ಸಕ್ಕ ಹೇಳಿದ ಮಾತಿದು. ಕೈಯಲ್ಲಿ ಪುಸ್ತಕ, ಪುಟಗಳ ನಡುವೆ ಬೆರಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಅವರು. ಸಿಟ್ಟು ಬಂದರೆ ಅವರ ಸ್ವರ ಏರುವುದಿಲ್ಲ, ತಗ್ಗುತ್ತದೆ. ಆ ದಿನ ತೀರಾ ತಗ್ಗಿತ್ತು. ತಪ್ಪು ನನ್ನದೇ. ಅದನ್ನು ಹೇಳದೆ ಈ ಅನುಭವ ಹೇಳಲು ಬರುವುದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಗ್ರಂಥಾಲಯ. ಮಲಯಾಳ ಪುಸ್ತಕಗಳಿಗೆ ಐದು ಕಪಾಟು, ಕನ್ನಡಕ್ಕೆ ಎರಡು, ಇಂಗ್ಲಿಷಿಗೆ ಒಂದು ತಟ್ಟು. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ನ್ನು ವಾಚನ ದಿನವೆಂದು ಆಚರಿಸುತ್ತೇವೆ. ನಮ್ಮಲ್ಲಿ ಪ್ರತಿ ವರ್ಷ ಅದು ಭಾಷಣದಲ್ಲೇ ಮುಗಿಯುತ್ತಿತ್ತು. ಶಾಲೆಯಿಂದ ನಿವೃತ್ತಳಾದ ವರ್ಷ ನನಗೆ, ಈ ಸಲವಾದರೂ ನಾಲ್ಕು ಜನ ಕೂತು ಒಂದು ಪುಸ್ತಕವನ್ನು ಕೊನೆಯವರೆಗೆ ಓದಬೇಕು ಅನ್ನಿಸಿತು. ಯಾವ ಪುಸ್ತಕವೆಂಬುದನ್ನು ಆರಿಸಿದ್ದು ನಾನಲ್ಲ. ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ ಮೊಬೈಲಿನಲ್ಲಿ ಒಂದು ಧಾರಾವಾಹಿ ನೋಡಿ, ಅದರ ಮೂಲ ಕಾದಂಬರಿ ಓದಬೇಕೆಂದು ಹಟ ಹಿಡಿದಿದ್ದಳು. ಅದು ಡಯಾನಾ ಗ್ಯಾಬಲ್ಡಾನ್ ಬರೆದ ‘ಔಟ್‌ಲ್ಯಾಂಡರ್’. 1991ರಲ್ಲಿ ಬಂದದ್ದು. ಏಳು ಭಾಗ, ನಲವತ್ತೊಂದು ಅಧ್ಯಾಯ, ತಲೆದಿಂಬಿನಷ್ಟು ದಪ್ಪ.

ಏಳು ಭಾಗಕ್ಕೆ ಏಳು ಕೂಟ, ಹದಿನೈದು ದಿನಕ್ಕೊಂದು ಭಾನುವಾರ ಎಂದು ನಿಶ್ಚಯಿಸಿದೆವು. ಜೂನ್ ಕೊನೆಗೆ ಶುರುವಾದರೆ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಜನ ಮನೆಯಲ್ಲಿರುತ್ತಾರೆ ಎಂಬ ಲೆಕ್ಕ ಅರ್ಧ ಸರಿಯಾಯಿತು. ಬಿಸಿಲು ಬಿದ್ದ ಭಾನುವಾರ ಅಡಿಕೆಗೆ ಮದ್ದು ಬಿಡುವವರು ಬರುವುದಿಲ್ಲ, ಬರಬೇಕೆಂದು ಹೇಳಲೂ ಆಗುವುದಿಲ್ಲ. ಪ್ರತಿ ಮೂರು ಜನಕ್ಕೆ ಒಂದು ಪ್ರತಿ ಬೇಕು, ಅದಕ್ಕಿಂತ ಕಡಿಮೆಯಾದರೆ ಸರದಿ ಬರುವಷ್ಟರಲ್ಲಿ ಆಸಕ್ತಿ ಆರಿಹೋಗುತ್ತದೆ. ಹನ್ನೊಂದು ಜನ ಶುರು ಮಾಡಿ ಏಳು ಜನ ಮುಗಿಸಿದೆವು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಲೇರ್ ಎಂಬ ನರ್ಸ್, ವರ್ಷಗಟ್ಟಲೆ ದೂರವಿದ್ದ ಗಂಡ ಫ್ರಾಂಕ್‌ನ ಜೊತೆ ಸ್ಕಾಟ್‌ಲೆಂಡಿನ ಇನ್ವರ್ನೆಸ್ಸಿಗೆ ಬಂದಿದ್ದಾಳೆ. ಗುಡ್ಡದ ಮೇಲೆ ವೃತ್ತಾಕಾರವಾಗಿ ನಿಲ್ಲಿಸಿದ ಪುರಾತನ ಕಲ್ಲುಗಳಲ್ಲಿ ಒಂದನ್ನು ಮುಟ್ಟಿ 1743ಕ್ಕೆ ಹೋಗಿ ಬೀಳುತ್ತಾಳೆ. ಅಲ್ಲಿ ಪ್ರಾಣ ಉಳಿಸಿಕೊಳ್ಳಲು ಜೇಮಿ ಫ್ರೇಸರ್ ಎಂಬ ಯುವಕನನ್ನು ಮದುವೆಯಾಗಬೇಕಾಗುತ್ತದೆ, ಆಮೇಲೆ ಅದು ಪ್ರೀತಿಯಾಗುತ್ತದೆ. ಅವಳನ್ನೂ ಜೇಮಿಯನ್ನೂ ಕಾಡುವ ಕ್ರೂರ ಇಂಗ್ಲಿಷ್ ಸೇನಾಧಿಕಾರಿ ಫ್ರಾಂಕ್‌ನದೇ ವಂಶದ ಹಿರಿಯ, ನೋಡಲೂ ಹಾಗೆಯೇ ಇರುವವನು. ಎಲ್ಲವನ್ನೂ ಕ್ಲೇರಳೇ ‘ನಾನು’ ಎಂದು ಹೇಳುತ್ತಾಳೆ.

ಇಂಗ್ಲಿಷ್ ಓದಲು ಕಷ್ಟಪಡುವವರು ನಮ್ಮಲ್ಲಿ ಮೂವರಿದ್ದರು. ಅವರಿಗಾಗಿ ಪ್ರತಿ ಭಾಗವನ್ನೂ ನಾಲ್ಕು ಹಾಳೆಯಲ್ಲಿ ಕನ್ನಡಕ್ಕೆ ಇಳಿಸಿ, ಝೆರಾಕ್ಸ್ ತೆಗೆಸಿ ಹಂಚುತ್ತಿದ್ದೆ. ಮೊದಲ ಮೂರು ಕೂಟ ಜಗಳದಲ್ಲೇ ಹೋಯಿತು. “ಹೇಗಾಯಿತು?” ಎಂದು ಕೇಳಿ ಕೂಟ ಶುರು ಮಾಡುತ್ತಿದ್ದೆ, ಒಬ್ಬರು ಅದ್ಭುತ ಎನ್ನುತ್ತಿದ್ದರು, ಇನ್ನೊಬ್ಬರು ಬೋರು ಎನ್ನುತ್ತಿದ್ದರು, ಅಲ್ಲಿಂದ ಮುಂದೆ ಪುಸ್ತಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಬ್ಬರು ಬರುವುದನ್ನೇ ಬಿಟ್ಟರು.

ಮೂರನೇ ಭಾಗದಲ್ಲಿ ಒಂದು ಪ್ರಸಂಗ ಇದೆ. ಇಲ್ಲೇ ಇರು ಎಂದು ಜೇಮಿ ಹೇಳಿಹೋದ ಜಾಗದಿಂದ ಕ್ಲೇರ್ ಕಲ್ಲುಗಳತ್ತ ಹೊರಡುತ್ತಾಳೆ, ಇಂಗ್ಲಿಷ್ ಸೈನಿಕರ ಕೈಗೆ ಸಿಕ್ಕಿಬೀಳುತ್ತಾಳೆ. ಅವಳನ್ನು ಬಿಡಿಸಲು ಹೋದವರ ಜೀವವೆಲ್ಲ ಅಪಾಯಕ್ಕೆ ಬಿತ್ತೆಂದು, ಅದಕ್ಕೆ ಶಿಕ್ಷೆಯಾಗಿ ಜೇಮಿ ಅವಳಿಗೆ ಬೆಲ್ಟಿನಲ್ಲಿ ಹೊಡೆಯುತ್ತಾನೆ. ಅದನ್ನು ಬರೆಯಲು ನನ್ನ ಕೈ ಬರಲಿಲ್ಲ. ಹಿರಿಯರು ಇರುವ ಕೂಟ, ನಾಯಕನ ಮೇಲೆ ಎಲ್ಲರಿಗೂ ಈಗಷ್ಟೇ ಪ್ರೀತಿ ಮೂಡುತ್ತಿದೆ. “ಇಬ್ಬರ ನಡುವೆ ಮನಸ್ತಾಪವಾಗಿ, ಮತ್ತೆ ಸರಿಯಾಗುತ್ತದೆ” ಎಂದು ಒಂದು ವಾಕ್ಯ ಬರೆದು ದಾಟಿದೆ.

ನನ್ನ ಹಾಳೆಗಳನ್ನಷ್ಟೇ ಓದುತ್ತಿದ್ದ ನರ್ಸಕ್ಕ ಆ ವಾರ ಮೊದಲ ಬಾರಿಗೆ ಪುಸ್ತಕವನ್ನೇ ತೆಗೆದುಕೊಂಡು ಹೋಗಿದ್ದರು, ನಿಘಂಟು ಇಟ್ಟುಕೊಂಡು ಓದಿದ್ದರು.

“ಮನಸ್ತಾಪ ಅಂತ ಬರೆದಿದ್ದೀರಿ. ಇದು ಮನಸ್ತಾಪವಾ?” ಎಂದು ಕೇಳಿದರು. “ಹೊಡೆತ ತಿಂದು ಆಸ್ಪತ್ರೆಗೆ ಬಂದ ಹೆಂಗಸರೂ ನಮ್ಮ ಹತ್ತಿರ ಹೀಗೆಯೇ ಹೇಳುತ್ತಿದ್ದರು. ಸಣ್ಣ ಮಾತು ಬಂತು ಸಿಸ್ಟರ್, ಅಂತ.”

ನಾನು ಎಲ್ಲರೆದುರು ಕ್ಷಮೆ ಕೇಳಿದೆ. ಮನೆಗೆ ಹೋದ ಮೇಲೂ ಅದೇ ಯೋಚನೆ. ಮೂರು ಕೂಟದಿಂದ ನಡೆಯುತ್ತಿದ್ದ ಜಗಳಕ್ಕೆ ರುಚಿಭೇದವಷ್ಟೇ ಕಾರಣವಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾದಂಬರಿ ಇತ್ತು: ಒಬ್ಬಳದು ಮೊಬೈಲಿನಲ್ಲಿ ನೋಡಿದ್ದು, ಇನ್ನೊಬ್ಬರದು ಪುಟ ಹಾರಿಸಿ ಓದಿದ್ದು, ಮೂವರದು ನಾನು ತೊಳೆದು ಕೊಟ್ಟದ್ದು.

ಐದನೇ ಕೂಟದಿಂದ ಕ್ರಮ ಬದಲಿಸಿದೆ. ಅಭಿಪ್ರಾಯ ಆಮೇಲೆ. ಮೊದಲು ಪ್ರತಿಯೊಬ್ಬರೂ ಒಂದು ಪುಟ ತರಬೇಕು, ಪುಸ್ತಕ ಕೆಳಗಿಡಲು ಆಗದ ಪುಟವಾಗಲಿ, ಇನ್ನು ಸಾಕು ಎಂದು ಕೆಳಗಿಟ್ಟ ಪುಟವಾಗಲಿ. ಅದನ್ನು ಗಟ್ಟಿಯಾಗಿ ಓದಬೇಕು. ಇಂಗ್ಲಿಷ್ ಬಾರದವರು ಗುರುತು ಮಾಡಿಕೊಂಡು ಬಂದರೆ ನಾನು ಒಂದು ಸಾಲೂ ಬಿಡದೆ ಕನ್ನಡದಲ್ಲಿ ಹೇಳಬೇಕು. ಕೊನೆಯ ಭಾಗಗಳಲ್ಲಿ ಸೆರೆಮನೆಯಲ್ಲಿ ಜೇಮಿಯ ಮೇಲೆ ನಡೆಯುವ ಚಿತ್ರಹಿಂಸೆ, ಅತ್ಯಾಚಾರ ಓದಲು ತುಂಬ ಕಷ್ಟ ಎಂಬುದನ್ನೂ ಮೊದಲೇ ಹೇಳಿಬಿಟ್ಟೆ. ಒಬ್ಬರು ಅಲ್ಲಿಗೇ ನಿಲ್ಲಿಸಿದರು. ತಿಳಿದು ನಿಲ್ಲಿಸಿದರು, ಅದು ಅವರ ಹಕ್ಕು.

ಹೀಗೆ ಪುಟಗಳು ಬಂದವು. ಬೆಲ್ಟಿನ ಪ್ರಸಂಗಕ್ಕೆ ಉರಿದುಬಿದ್ದ ನರ್ಸಕ್ಕ ತಂದದ್ದು ಶುರುವಿನ ಒಂದು ಪುಟ, ಕ್ಲೇರ್ ಮೊದಲ ಬಾರಿಗೆ ಜೇಮಿಯನ್ನು ನೋಡುವುದು. ಅವನ ಭುಜದ ಕೀಲು ತಪ್ಪಿದೆ, ಜೊತೆಯವರು ತೋಳನ್ನು ಬಲವಂತವಾಗಿ ಎಳೆದು ಕೂರಿಸಲು ಹೊರಟಿದ್ದಾರೆ. ಕ್ಲೇರ್ ತನ್ನ ಭಯ ಮರೆತು ಅವರನ್ನು ತಡೆಯುತ್ತಾಳೆ. ನರ್ಸಕ್ಕ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮೊಣಕೈ ಹಿಡಿದು, ತೋಳನ್ನು ಮೆಲ್ಲ ಹೊರಳಿಸಿ ತೋರಿಸಿದರು. “ತೋಳಿನ ಮೂಳೆ ಸರಿಯಾದ ಕೋನಕ್ಕೆ ಬರುವವರೆಗೆ ತಾಳಬೇಕು. ಬಂದರೆ ತಾನಾಗಿ ಒಳಗೆ ಜಾರುತ್ತದೆ. ಅವಸರದಲ್ಲಿ ಎಳೆದರೆ ಮೂಳೆಯೇ ಮುರಿಯಬಹುದು. ಇದನ್ನು ಬರೆದವಳು ಸರಿಯಾಗಿ ತಿಳಿದೇ ಬರೆದಿದ್ದಾಳೆ.” ಪುಸ್ತಕ ಅವರಿಗೆ ಅಷ್ಟು ಇಷ್ಟವಾಗಿತ್ತು ಎಂದು ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ. ಮಿಶ್ರ ಅಭಿಪ್ರಾಯ ಎಂದರೆ ನಾಲ್ವರು ಈ ಕಡೆ, ನಾಲ್ವರು ಆ ಕಡೆ ಎಂದುಕೊಂಡಿದ್ದೆ. ಒಬ್ಬರ ಒಳಗೇ ಎರಡೂ ಇರುತ್ತವೆ, ಎರಡೂ ನಿಜವಾಗಿರುತ್ತವೆ.

ನಮ್ಮ ಹಿರಿಯ ಮಾಷ್ಟ್ರಿಗೆ ಪ್ರೇಮ ಪ್ರಸಂಗಗಳು ಹಿಡಿಸಲಿಲ್ಲ, ಅವರ ಮನಸ್ಸೆಲ್ಲ ಇತಿಹಾಸದ ಮೇಲೆ. 1746ರ ಏಪ್ರಿಲ್ 16ರಂದು ಕಲೋಡನ್‌ನಲ್ಲಿ ಒಂದು ಗಂಟೆಯೊಳಗೆ ಮುಗಿದ ಯುದ್ಧದಲ್ಲಿ ಸ್ಕಾಟ್‌ಲೆಂಡಿನ ಈ ಮಲೆನಾಡಿನ ಜನ ಸೋಲುತ್ತಾರೆ. ಅದೇ ವರ್ಷ ಅವರ ಉಡುಪಿಗೂ ನಿಷೇಧ ಬಿತ್ತು, 1782ರವರೆಗೂ ತೆರವಾಗಲಿಲ್ಲ. ಅದು ಕ್ಲೇರಳಿಗೆ ಗೊತ್ತು, ಸುತ್ತಮುತ್ತ ನಗುತ್ತ ಓಡಾಡುವವರಿಗೆ ಗೊತ್ತಿಲ್ಲ. “ಆ ಸಂಕಟಕ್ಕಾಗಿಯೇ ಓದಿದೆ” ಎಂದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವಾಗ ಅವರು ಐದನೇ ಕ್ಲಾಸಿನಲ್ಲಿದ್ದವರು. “ಅಕ್ಟೋಬರ್‌ಗೆ ಹಿಂದೆ ಹೋಗುವ ಕಲ್ಲು ಇದ್ದಿದ್ದರೆ ಮುಟ್ಟುತ್ತಿದ್ದೆನಾ ಅಂತ ಮೂರು ದಿನ ಯೋಚಿಸಿದೆ,” ಎಂದು ಹೇಳಿ ಸುಮ್ಮನಾದರು. ನಾವೂ ಕೇಳಲಿಲ್ಲ. ಈ ಲೇಖಕಿ ಸ್ಕಾಟ್‌ಲೆಂಡನ್ನೇ ನೋಡದೆ, ಅಮೆರಿಕದ ಅರಿಜೋನಾದಲ್ಲಿ ಕೂತು, ಲೈಬ್ರರಿ ಪುಸ್ತಕಗಳ ಆಧಾರದಿಂದ ಇದನ್ನು ಬರೆದದ್ದು ಎಂದು ನಾನು ಹೇಳಿದಾಗ ಅವರಿಗಾದ ಸಂತೋಷ ನೋಡಬೇಕಿತ್ತು.

ವೇಷ ಕಟ್ಟದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಯೊಬ್ಬರು ನಮ್ಮಲ್ಲಿದ್ದಾರೆ, ತೋಟದ ಕೆಲಸ ಮುಗಿಸಿ ಬರುವವರು. ಪುಸ್ತಕ ವಿಪರೀತ ಉದ್ದ, ಪ್ರಯಾಣದ ಪುಟಗಳಲ್ಲಿ ಅರ್ಧ ತೆಗೆಯಬಹುದು ಎಂಬುದು ಅವರ ವಾದ. ನನಗೂ ಹಾಗೆಯೇ ಅನ್ನಿಸಿದೆ. ಆದರೆ ಕಾಲ ದಾಟುವ ಹೆಣ್ಣು ಅವರಿಗೆ ಹೊಸತಲ್ಲ. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಯನ್ನು ಕರೆದುಕೊಂಡು, ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ಮುಗಿಯುವವರೆಗೆ ಕಾಯುವಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿರುತ್ತದೆ. ಕೊನೆಗೆ ಬಲರಾಮನಿಗೆ ಮದುವೆ. “ನಮ್ಮ ರೇವತಿಗೆ ಅಲ್ಲಿ ಮಾತೇ ಇಲ್ಲ. ಕ್ಲೇರ್ ಎಂಟುನೂರು ಪುಟ ಮಾತಾಡುತ್ತಾಳೆ. ಹಾಗೆ ನೋಡಿದರೆ ಉದ್ದವಾದದ್ದೇ ನ್ಯಾಯ,” ಎಂದು ಅವರೇ ತಮ್ಮ ವಾದವನ್ನು ತಿದ್ದಿಕೊಂಡರು.

ಹುಡುಗಿ ತಂದದ್ದು ನಾಲ್ಕನೇ ಭಾಗದ ಕೊನೆ. ಕ್ಲೇರಳಿಂದ ನಿಜ ಕೇಳಿದ ಮೇಲೆ ಜೇಮಿ ಅವಳನ್ನು ಕಲ್ಲುಗಳ ಬಳಿಗೆ ತಾನೇ ಕರೆದೊಯ್ದು, ಹೋಗುವುದಾದರೆ ಹೋಗು ಎಂದು ಬಿಡುತ್ತಾನೆ. ಅವಳು ಹೋಗುವುದಿಲ್ಲ. ಓದುವಾಗ ಹುಡುಗಿಯ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ, ಗಂಡ ಗಲ್ಫಿನಲ್ಲಿರುವ ಒಬ್ಬಳು ಸೊಸೆ ಅದೇ ಪುಟವನ್ನು ಗುರುತು ಮಾಡಿ ತಂದಿದ್ದಳು, ಆದರೆ ಬೇರೆ ಕಾರಣಕ್ಕೆ. “ಫ್ರಾಂಕ್ ಏನಾದ?” ಎಂದು ಕೇಳಿದಳು. “ಯುದ್ಧ ಮುಗಿಯಲಿ ಅಂತ ಅಷ್ಟು ವರ್ಷ ಕಾದವನು. ಹೆಂಡತಿ ಗುಡ್ಡಕ್ಕೆ ಹೋದವಳು ಬರಲಿಲ್ಲ. ಎಷ್ಟು ದಿನ ಹುಡುಕಿರಬಹುದು? ಇಡೀ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.” ಧಾರಾವಾಹಿಯಲ್ಲಿ ಫ್ರಾಂಕ್ ಹುಡುಕುವುದನ್ನು ತೋರಿಸಿದ್ದಾರೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಕಾದಂಬರಿ ಕ್ಲೇರಳ ಬಾಯಿಂದಲೇ ಬರುವುದರಿಂದ ಅವಳಿಗೆ ಕಾಣದ್ದು ನಮಗೂ ಕಾಣುವುದಿಲ್ಲ.

ಏಳನೇ ಕೂಟವನ್ನು ತಾಳಮದ್ದಳೆಯ ಹಾಗೆ ಮಾಡೋಣ ಎಂದದ್ದು ಅರ್ಥಧಾರಿಗಳು. ನಾನು ಒಂದೇ ನಿಯಮ ಸೇರಿಸಿದೆ: ನಿಮಗೆ ಹಿಡಿಸದ ಪಾತ್ರದ ಅರ್ಥವನ್ನೇ ನೀವು ಹೇಳಬೇಕು. ಜೇಮಿಯನ್ನು ಮೆಚ್ಚಿದ ಹುಡುಗಿ ಫ್ರಾಂಕ್ ಆದಳು. ಎರಡು ನಿಮಿಷ ತಡವರಿಸಿದಳು, ಆಮೇಲೆ ಒಂದೇ ಮಾತು: “ನೀನು ಅಲ್ಲಿ ಉಳಿಯಲು ಆರಿಸಿಕೊಂಡೆ. ನನಗೆ ಆರಿಸಿಕೊಳ್ಳಲು ಏನಿತ್ತು?” ಕ್ಲೇರ್ ಆಗಿದ್ದ ಸೊಸೆ ಉತ್ತರ ಹುಡುಕುತ್ತ ತುಂಬ ಹೊತ್ತು ನೆಲ ನೋಡಿದಳು.

ಜೇಮಿಯ ಅರ್ಥ ಹೇಳಲು ನರ್ಸಕ್ಕ ಒಪ್ಪಲಿಲ್ಲ. ನಿಯಮ ಮುರಿಯಿತು, ಮುರಿಯಲಿ ಎಂದು ಬಿಟ್ಟೆ. ಅರ್ಥಧಾರಿಗಳೇ ಜೇಮಿಯಾದರು, ನರ್ಸಕ್ಕ ಬೆಲ್ಟಿನ ಪ್ರಸಂಗದ ಕ್ಲೇರ್ ಆದರು. ಕುಲದ ಕಟ್ಟಳೆ, ಜೊತೆಗಾರರ ಪ್ರಾಣ, ಆ ಕಾಲದ ನ್ಯಾಯ ಎಂದು ಅರ್ಥಧಾರಿಗಳು ಚೆನ್ನಾಗಿಯೇ ಕಟ್ಟಿಕೊಟ್ಟರು.

“ನಿನ್ನ ಕಾಲದ ನ್ಯಾಯ ಹೇಳಿದೆ,” ಎಂದರು ನರ್ಸಕ್ಕ, ಆ ತಗ್ಗಿದ ಸ್ವರದಲ್ಲಿ. “ಹೊಡೆತ ಬಿದ್ದದ್ದು 1945ರವಳ ಮೈಮೇಲೆ. ನನ್ನ ಕಾಲದ ನ್ಯಾಯವನ್ನು ಯಾರು ಹೇಳಬೇಕು?”

ನಲವತ್ತು ವರ್ಷ ಅರ್ಥ ಹೇಳಿದವರು ಕೈಮುಗಿದರು.

ಹೊರಡುವ ಮೊದಲು ನರ್ಸಕ್ಕ ಮೂರನೇ ಭಾಗದ ನನ್ನ ಹಾಳೆಗಳನ್ನು ಕೇಳಿ ತೆಗೆದುಕೊಂಡರು. ‘ಮನಸ್ತಾಪ’ ಎಂಬ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ತಮ್ಮ ಕೈಬರಹದಲ್ಲಿ ಬರೆದರು: “ಇಲ್ಲಿ ಜೇಮಿ ಕ್ಲೇರಳಿಗೆ ಬೆಲ್ಟಿನಲ್ಲಿ ಹೊಡೆಯುತ್ತಾನೆ. ಅವಳು ಸುಮ್ಮನೆ ಹೊಡೆಸಿಕೊಳ್ಳುವುದಿಲ್ಲ, ಹೋರಾಡುತ್ತಾಳೆ.” ಆ ಹಾಳೆ ಈಗ ನಮ್ಮ ಕಪಾಟಿನಲ್ಲಿ ಪುಸ್ತಕದ ಒಳಗೇ ಇದೆ. ಪುಸ್ತಕ ಒಯ್ಯುವವರು ಅದನ್ನೂ ಒಯ್ಯಬೇಕು ಎಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ.