ಸಕಲೇಶಪುರದ ತೋಟಗಳಲ್ಲಿ ಮಾತ್ರೆ ಗುಂಪು ನಡೆಸಿದ ಬಗೆ

ಎಚ್‌ಐವಿ ಇರುವ ಆರು ಜನರ ಗುಂಪಿನಲ್ಲಿ ಒಬ್ಬರು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಎಲ್ಲರ ಮಾತ್ರೆಗಳನ್ನೂ ತರುವ ಪದ್ಧತಿ ಕಾಫಿ ತೋಟಗಳಲ್ಲಿ ನಡೆಯುವುದಿಲ್ಲವೆಂದು ನಮಗೆ ಹೇಳದವರಿಲ್ಲ. ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಗುಟ್ಟು ನಿಲ್ಲದು, ಮಾತ್ರೆ ಅದಲುಬದಲಾದೀತು, ಕಾನೂನು ಒಪ್ಪದು ಎಂಬ ಆಕ್ಷೇಪಗಳು ಪ್ರತಿ ಸಭೆಯಲ್ಲೂ ಬಂದವು. ಈಗ ಸಕಲೇಶಪುರ, ಆಲೂರು ಮತ್ತು ಮೂಡಿಗೆರೆಯ ಅಂಚಿನಲ್ಲಿ ಹತ್ತು ಹನ್ನೆರಡು ಗುಂಪುಗಳು ಸುಮಾರು ಮೂರು ವರ್ಷಗಳಿಂದ ನಡೆಯುತ್ತಿವೆ. ಸೇರಿದ ಮೇಲೆ ಚಿಕಿತ್ಸೆ ಬಿಟ್ಟವರು, ನನ್ನ ನೆನಪಿನಂತೆ, ಮೂವರೋ ನಾಲ್ವರೋ.

ಮೊದಲು ಮನೆಗೇ ಮಾತ್ರೆ ತಲುಪಿಸಿ ನೋಡಿದೆವು. ತಿಂಗಳಿಗೊಮ್ಮೆ ಅದೇ ಬೈಕು ಲೈನಿನ ಮುಂದೆ ನಿಂತರೆ ಪಕ್ಕದವರು ಮೊದಲು ಸಾಲ ವಸೂಲಿಯವರೆಂದುಕೊಳ್ಳುತ್ತಾರೆ, ಆಮೇಲೆ ನಿಜವನ್ನೇ ಊಹಿಸುತ್ತಾರೆ. ಪೆಟ್ರೋಲಿಗೆ ತಿಂಗಳಿಗೆ ನಾಲ್ಕೈದು ಸಾವಿರ ಹೋಗುತ್ತಿತ್ತು. ಫೋನಿನಲ್ಲಿ ನೆನಪಿಸುವ ಕೆಲಸವೂ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದೆ ನಿಂತುಹೋಯಿತು. ಒಂದು ತೋಟದ ದವಾಖಾನೆಯಲ್ಲಿ ಮಾತ್ರೆ ಇಡಿಸಿದಾಗ ಅಲ್ಲಿಂದಲೇ ಒಬ್ಬ ಹೆಣ್ಣುಮಗಳ ವಿಷಯ ಹೊರಬಿದ್ದು, ಆಕೆ ಮಕ್ಕಳನ್ನು ಕರೆದುಕೊಂಡು ತೋಟವನ್ನೇ ಬಿಡಬೇಕಾಯಿತು. ಆ ಸಂಕಟ ನಮ್ಮಲ್ಲಿ ಯಾರಿಗೂ ಇನ್ನೂ ಆರಿಲ್ಲ.

2004ರಿಂದ ಔಷಧ ಉಚಿತವಾಗಿದ್ದರೂ ಹಾಸನದ ಎಆರ್‌ಟಿ ಕೇಂದ್ರಕ್ಕೆ ಹೋಗಿಬರುವ ದಿನದ ಕೂಲಿ ನಾನೂರು ರೂಪಾಯಿ, ಬಸ್ಸು ಮತ್ತು ಊಟಕ್ಕೆ ಇನ್ನೂರು ಇನ್ನೂರೈವತ್ತು ಕೈಬಿಡುತ್ತಿತ್ತು. ಕೆ.ಜಿ. ಲೆಕ್ಕದಲ್ಲಿ ಹಣ್ಣು ಬಿಡಿಸುವವರಿಗೆ ನಷ್ಟ ಇನ್ನೂ ಹೆಚ್ಚಾಗಿದ್ದುದರಿಂದ, ಡಿಸೆಂಬರ್ ಮತ್ತು ಜನವರಿಯಲ್ಲೇ ಮಾತ್ರೆ ತಪ್ಪುತ್ತಿತ್ತು.

ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ 2008ರಲ್ಲಿ ಆರಂಭವಾದ ಗುಂಪು ಪದ್ಧತಿಯನ್ನು ನಾವು ಸಂತೆಗೆ ಹೊಂದಿಸಿಕೊಂಡೆವು. ಸಂತೆ ದಿನ ಚೀಲ ಹಿಡಿದು ಹೊರಟವರನ್ನು ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಉಳಿತಾಯ ಗುಂಪೆಂದು ನಿಜವಾಗಿಯೇ ಪಾಸ್‌ಬುಕ್ ಮಾಡಿಸಿ, ತಲಾ ಅರವತ್ತು ರೂಪಾಯಿ ಕಟ್ಟಿಸಿ, ಆ ಹಣದಲ್ಲಿ ಹೋದವರ ಬಸ್ ಚಾರ್ಜು ಮತ್ತು ಅರ್ಧ ಕೂಲಿ ಕೊಡುತ್ತೇವೆ. ಆರು ಜನರಿರುವುದರಿಂದ ಪ್ರತಿಯೊಬ್ಬರ ಸರದಿ ಆರು ತಿಂಗಳಿಗೊಮ್ಮೆ ಬರುತ್ತದೆ. ಅಂದೇ ಅವರ ರೋಗನಿರೋಧಕ ಶಕ್ತಿ ಅಳೆಯುವ ಸಿಡಿ4 ಪರೀಕ್ಷೆಯೂ ವೈದ್ಯರ ಭೇಟಿಯೂ ಮುಗಿಯುತ್ತದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗುವ ಗುಂಪುಗಳಲ್ಲಿ ಒಂದು ಸಲಕ್ಕೆ ಮೂವರು ಹೋಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರ ಗುಂಪುಗಳಲ್ಲಿ ಹಣ ಉಳಿಯಿತು, ಅದರಲ್ಲಿ ರಾಗಿ ಹುರಿಹಿಟ್ಟು ಮಾಡಿ ಹಂಚುತ್ತಿದ್ದೇವೆ. ಮೂಡಿಗೆರೆ ಕಡೆಯವರು ಖಾಸಗಿ ಬಸ್ಸನ್ನೇ ನಂಬಿರುವುದರಿಂದ ಅವರಿಗೆ ಈ ಲಾಭವಿಲ್ಲ.

ಕಾನೂನಿನ ಆಕ್ಷೇಪಕ್ಕೆ ಉತ್ತರ ಕಾನೂನಿನಲ್ಲೇ ಇತ್ತು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಒಬ್ಬರ ಎಚ್‌ಐವಿ ವಿಷಯವನ್ನು ಇನ್ನೊಬ್ಬರಿಗೆ ತಿಳಿಸಲು ಕೇಳುವುದು ಲಿಖಿತ ಒಪ್ಪಿಗೆಯನ್ನು. ಆರೂ ಜನರಿಂದ ಅದನ್ನು ಬರೆಸಿಕೊಂಡ ಮೇಲೆಯೇ ಗುಂಪು ಕಟ್ಟುತ್ತೇವೆ. ಡಬ್ಬಿ ಅದಲುಬದಲಾಗದಂತೆ ಮುಚ್ಚಳಕ್ಕೆ ಒಬ್ಬೊಬ್ಬರದೊಂದು ಬಣ್ಣದ ದಾರ ಕಟ್ಟುತ್ತೇವೆ. ಬೇರೆ ಔಷಧದಲ್ಲಿರುವವರನ್ನು ಟಿಎಲ್‌ಡಿ (ಮೂರು ಔಷಧ ಒಂದೇ ಮಾತ್ರೆಯಲ್ಲಿರುವುದು) ತೆಗೆದುಕೊಳ್ಳುವವರ ಗುಂಪಿಗೆ ಸೇರಿಸುವುದಿಲ್ಲ. ಬಸ್ಸಿನ ಕುಲುಕಾಟಕ್ಕೆ ಮೂವತ್ತು ಮಾತ್ರೆಗಳ ಡಬ್ಬಿ ಗಿಲಕಿಯಂತೆ ಸದ್ದು ಮಾಡುತ್ತದೆ, ಆ ಸದ್ದಿಗೇ ಹೆದರಿ ಹಿಂದೆ ಅನೇಕರು ಡಬ್ಬಿಯನ್ನು ದಾರಿಯಲ್ಲೇ ಎಸೆದಿದ್ದರು. ಮನೆ ಸೇರುವವರೆಗೆ ಒಳಗೆ ಒಣಹತ್ತಿ ತುರುಕಿದರೆ ಸಾಕು. ವಾರದ ಮಾತ್ರೆ ಪೆಟ್ಟಿಗೆಗಳನ್ನೂ ಕೊಟ್ಟು ನೋಡಿದೆವು; ಜುಲೈ ತಿಂಗಳ ತೇವಕ್ಕೆ ಮಾತ್ರೆ ಮೆತ್ತಗಾಗಿದ್ದರಿಂದ ಅವನ್ನು ಕೈಬಿಟ್ಟೆವು.

ಸರದಿಯವರು ಉಳಿದ ಐವರನ್ನು ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕರ ಬಗ್ಗೆ ವಿಚಾರಿಸಿ, ಹೆಸರಿಲ್ಲದ ಚೀಟಿಯಲ್ಲಿ ದಾರದ ಬಣ್ಣದಿಂದ ಗುರುತು ಹಾಕಿಕೊಂಡು ಹೋಗುತ್ತಾರೆ. ಆಲೂರು ಕಡೆಯ ಒಬ್ಬರ ಕ್ಷಯ ಹೀಗೆಯೇ ಆರಂಭದಲ್ಲಿ ಪತ್ತೆಯಾಯಿತು. ಚಿಕಿತ್ಸೆ ಮುಗಿಸಿದ ಅವರೇ ಈಗ ಆ ಗುಂಪಿನ ಲೆಕ್ಕ ಬರೆಯುತ್ತಿದ್ದಾರೆ.

ಹೊಸ ಗುಂಪಿಗೆ ಮೊದಲ ಇಬ್ಬರನ್ನು ಹೇಗೆ ಆರಿಸುತ್ತೇವೆ, ಸಂತೆಯಲ್ಲಿ ಎಲ್ಲಿ ಸೇರುತ್ತೇವೆ ಎಂಬುದನ್ನು ಬರೆದರೆ ಸದಸ್ಯರ ಗುರುತು ಸಿಗುತ್ತದೆ. ನಮ್ಮೊಂದಿಗೆ ಕೆಲಕಾಲ ಓಡಾಡಿದ ಸಹೋದ್ಯೋಗಿಗಳಿಗೆ ಅದನ್ನು ತೋರಿಸಿಕೊಡುತ್ತೇನೆ. ಕಳೆದ ವರ್ಷ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪರೀಕ್ಷೆಯಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯದು ಹತೋಟಿಯಲ್ಲಿತ್ತು, ಮತ್ತು ಆರಂಭದಲ್ಲಿ ಕಟುವಾಗಿ ವಿರೋಧಿಸಿದ್ದ ವೈದ್ಯರೊಬ್ಬರು ಈಗ ತಾವಾಗಿಯೇ ಜನರನ್ನು ನಮ್ಮ ಬಳಿ ಕಳುಹಿಸುತ್ತಾರೆಂಬುದು ನನಗೆ ಹೆಮ್ಮೆಯ ವಿಷಯ. ಈ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಇಬ್ಬರೂ ಸೇರಿದ್ದಾರೆ. ಅವರು ಊರಿಗೆ ಮರಳುವ ಮುನ್ನ ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಪತ್ರ ಮತ್ತು ದಾರಿಗೆ ಸಾಲುವಷ್ಟು ಮಾತ್ರೆ ಕೊಡಿಸುವ ಓಡಾಟದಲ್ಲಿ ಸದ್ಯ ಇದ್ದೇವೆ.