ಸೀಟ್ ಕವರ್ ಹೊಲಿಯಾವ ಕುದುರಿ ಗಾದಿ ಹೊಲಿದ ಕಥಿ

ನಂದು ಕಲಬುರಗಿ ಗಂಜ್ ಹತ್ರ ಸೀಟ್ ಕವರ್ ಅಂಗಡಿ ಅದ. ಬೈಕು, ಆಟೋ, ಟಂಟಂ, ಒಮ್ಮೊಮ್ಮೆ ಟ್ರ್ಯಾಕ್ಟರ್ ಸೀಟು. ಕುದುರಿಗೂ ನನಗೂ ಏನ್ ಸಂಬಂಧ ಅಂದ್ರ ನನ್ನ ಲಗ್ನದಾಗ ಒಮ್ಮೆ ಹತ್ತಿದ್ದೆ, ಅದೂ ಇಬ್ಬರು ಎರಡೂ ಕಡಿ ಹಿಡ್ಕೊಂಡಿದ್ರು. ಈಗ ತಿಂಗಳಿಗೆ ಆರೇಳು ಜೀನಿನ ಪ್ಯಾಡ್ (ಕುದುರಿ ಬೆನ್ನಿಗೂ ಜೀನಿಗೂ ನಡುವ ಹಾಕೋ ಗಾದಿ) ಹೊಲಿದು ಕೊಡ್ತೀನಿ, ಜೊತಿಗೆ ಹತ್ತೋರ ಬಟ್ಟಿನೂ. ಇದು ಹೆಂಗಾತು ಅಂತ ಭಾಳ ಮಂದಿ ಕೇಳ್ತಾರ, ಅದಕ್ಕ ಬರೀಲತೀನಿ.

ಬರಾತಿಗೆ, ಅಂದ್ರ ಲಗ್ನದ ಮೆರವಣಿಗಿಗೆ, ಕುದುರಿ ಕೊಡೋ ಒಬ್ಬ ಚಾಚಾ ಅದಾರ, ಮೂರು ಕುದುರಿ ಇಟ್ಟಾರ. ಒಂದಿನ ಹಳಿ ಪ್ಯಾಡ್ ತಂದು ಟೇಬಲ್ ಮ್ಯಾಲ ಒಗದು, ಮಾಸ್ತರ್ ಇದಕ್ಕ ಹೊಸಾ ಕವರ್ ಹಾಕಿ ಕೊಡ್ರಿ, ಸೀಜನ್ ಬಂತು ಅಂದ್ರು. ಒಳಗಿನ ಸ್ಪಂಜು ಹಪ್ಪಳ ಆಗಿತ್ತು. ನಾ ಏನ್ ಮಾಡ್ದೆ, ನನಗ ಗೊತ್ತಿದ್ದಿದ್ದೇ ಮಾಡ್ದೆ, ಎರಡು ಇಂಚು ಗಟ್ಟಿ ಫೋಮ್, ಮ್ಯಾಲ ಕೆಳಗ ರೆಗ್ಸಿನ್, ಸುತ್ತಲೂ ಪೈಪಿಂಗ್, ನಾಕೂ ಮೂಲಿಗೆ ಗೊಂಡೆ. ನೋಡ್ಲಾಕ ಬುಲೆಟ್ ಸೀಟ್ ಇದ್ದಂಗ ಇತ್ತು. ಚಾಚಾನೂ ಖುಷ್, ನಾನೂ ಖುಷ್, 850 ರೂಪಾಯಿ ತಗೊಂಡೆ.

ಎಂಟು ದಿನಕ್ಕ ಫೋನ್ ಬಂತು. ಬೈತಾರ ಅನ್ಕೊಂಡೆ, ಬೈಲಿಲ್ಲ, ಮನಿಗೆ ಬಂದು ಹೋಗ್ರಿ ಅಂದ್ರು ಅಷ್ಟೇ. ಹೋದ್ರ ಬಿಳಿ ಹೆಣ್ಗುದುರಿ ಬೇವಿನ ಗಿಡಕ್ಕ ಕಟ್ಟಿದ್ರು. ಹೆಗಲ ಮ್ಯಾಲ ಎತ್ತರಕ್ಕ ಎದ್ದಿರ್ತದಲ್ಲ ಎಲುಬು, ಅದರ ಬಾಜೂಕ ನನ್ನ ಕೈ ಹಿಡದು ಇಟ್ರು. ಬಿಸಿ ಹತ್ತಿತು, ಪೂರಿ ಉಬ್ಬಿದಂಗ ಮೆತ್ತಗ ಒಂದು ಬಾವು, ಕೈ ಇಟ್ಟ ಕೂಡ್ಲೇ ಕುದುರಿ ಚರ್ಮ ಝಲ್ ಅಂತ ನಡುಗಿಸಿ ಆಕಡಿ ಸರೀತು. ಕೆಳಗ ಪೈಪಿಂಗ್ ಬಡಿದ ಕಡಿ ಗೆರಿ ಹೊಡದಂಗ ಕೂದಲಾ ಹೋಗಿ ಗುಲಾಬಿ ಚರ್ಮ ಕಾಣ್ತಿತ್ತು. ಚಾಚಾ ಅಂದ್ರು, ನಿಮ್ಮ ತಪ್ಪಲ್ಲ ಮಾಸ್ತರ್, ಬೈಕ್ ಬೆವರಂಗಿಲ್ಲ.

ಆ ಮಾತು ತಲ್ಯಾಗ ಕೂತುಬಿಡ್ತು. ಅವತ್ತೇ ಇನ್ನೊಂದು ವಿಷಯ ತೋರ್ಸಿದ್ರು. ಅವರ ಕಂದು ಗಂಡ್ಗುದುರಿ ಬೆನ್ನ ಮ್ಯಾಲ ಎರಡು ಬಿಳಿ ಮಚ್ಚಿ ಇದ್ವು, ನಾ ಹುಟ್ಟು ಮಚ್ಚಿ ಅನ್ಕೊಂಡಿದ್ದೆ. ಅಲ್ಲಂತ, ಹಳಿ ಗಾಯ ಅಂತ, ಜೀನು ಒತ್ತಿ ಆದ ಗಾಯ ಮಾದ ಮ್ಯಾಲ ಅಲ್ಲಿ ಕೂದಲಾ ಬಿಳೀನೇ ಬರ್ತದ. ಆಮೇಲಿಂದ ಯಾವ ಮೆರವಣಿಗಿ ಹೋದ್ರೂ ನನ್ನ ಕಣ್ಣು ಕುದುರಿ ಬೆನ್ನ ಮ್ಯಾಲೇ, ಮದಿಮಗನ್ನ ಯಾರು ನೋಡ್ತಾರ. ಭಾಳ ಕುದುರಿಗೆ ಆ ಮಚ್ಚಿ ಅದಾವ.

ಹಂಗಾರ ಮಾರ್ಕೆಟ್ಟಿನಾಗ ಛಲೋ ಪ್ಯಾಡ್ ಸಿಗಂಗಿಲ್ಲೇನು ಅಂತ ಹುಡುಕ್ಲಾಕ ಕುಂತೆ. ಮಜಾ ನೋಡ್ರಿ, ಜೀನು ಲಗಾಮು ಮಾಡಾದ್ರಾಗ ಕಾನ್ಪುರ ಹೆಸರು ಮಾಡಿದ ಊರು, ಅಲ್ಲಿ ಮಾಲಿಗೆ ಜಿಐ ಟ್ಯಾಗೂ ಅದ, ಅಲ್ಲಿಂದ ಮಾಲು ಸೀದಾ ಫಾರಿನ್ನಿಗೆ ಹೋಗ್ತದ. ಪ್ಯಾಡಿಗೆ ಇಂಗ್ಲಿಷಿನವರು ನಮ್ನಾ ಅಂತಾರಲ್ಲ, ಅದು ಕೂಡ ನಮ್ಮ ಉರ್ದು ಮಂದಿ ಹೇಳೋ ನಮ್ದಾ ಶಬ್ದಾನೇ, ಅಂದ್ರ ಬಡದು ಗಟ್ಟಿ ಮಾಡಿದ ಉಣ್ಣಿ. ಹೆಸರು ನಮ್ದು, ಕೆಲಸ ನಮ್ದು, ಅಳತಿ ಮಾತ್ರ ಅವರ ಕುದುರಿದು. ಪೋನಿ, ಕಾಬ್, ಫುಲ್ ಅಂತ ಸೈಜ್ ಇರ್ತಾವ. ಫುಲ್ ಅಂದ್ರ 16 ಹ್ಯಾಂಡ್ ಎತ್ತರದ ದಪ್ಪ ಬೆನ್ನಿನ ಕುದುರಿಗೆ, 1 ಹ್ಯಾಂಡ್ ಅಂದ್ರ 4 ಇಂಚು ಲೆಕ್ಕ. ನಮ್ಮ ಕಡಿ ಇರಾವು ಮಾರ್ವಾಡಿ, ಕಾಠಿಯಾವಾಡಿ, ಇಲ್ಲಾ ಅವೆರಡರ ಮಿಕ್ಸು, 14 ಹ್ಯಾಂಡು, 14 ವರಿ ಹ್ಯಾಂಡು. ಮೈ ಇಕ್ಕಟ್ಟು, ಹೆಗಲೆಲುಬು ಎತ್ತರ. ನೆಟ್ಟಗ ಕತ್ತರಿಸಿದ ಪ್ಯಾಡ್ ಹಾಕಿದ್ರ ಅದು ಆ ಎಲುಬಿನ ಮ್ಯಾಲ ಬಿಗಿಯಾಗಿ ಕೂತು ಎಳೀತದ. ಅದೂ ಬಿಡ್ರಿ, ಕೆಳಗ ಕುರಿ ತುಪ್ಪಳದಂಗ ಫ್ಲೀಸ್ ಹಚ್ಚಿರ್ತಾರ, ಚಳಿ ದೇಶಕ್ಕ ಬರಾಬರ್. ಕಲಬುರಗಿ ಮೇ ತಿಂಗಳಾಗ 42 ಡಿಗ್ರಿಯೊಳಗ? ಮತ್ತ ನಮ್ಮ ಹೊಲದ ಬದುವಿನಾಗ ಉತ್ತರಾಣಿ ಇರ್ತದಲ್ಲ, ಅದರ ಬೀಜ ಆ ಫ್ಲೀಸಿಗೆ ಹತ್ತಿದ್ರ ಮುಗೀತು, ಕುಂತು ಒಂದೊಂದು ಕೀಳ್ಬೇಕು, ಒಂದು ಉಳಿದ್ರೂ ಕುದುರಿಗೆ ಚುಚ್ಚತದ.

ರೇಟ್ ನೋಡಿದ್ರ ಬ್ರ್ಯಾಂಡಿನವು ನಾಕೈದು ಸಾವಿರದ ಮ್ಯಾಲೇ, ಅಗ್ಗದವು ನಾ ಮಾಡಿದಂಗ ಸ್ಪಂಜು. ನಡುವ ಏನೂ ಇಲ್ಲ. ಆ ನಡುವಿನ ಜಾಗಾನೇ ನಂದು ಅಂತ ಆಗ ಅನಿಸ್ತು. ಖರೇ ಹೇಳ್ತೀನಿ, ಕುದುರಿ ಮ್ಯಾಲಿನ ಪ್ರೀತಿಗಿಂತ ಲೆಕ್ಕಾನೇ ಮೊದಲು ಬಂದಿದ್ದು.

ಬೆನ್ನಿನ ಅಳತಿ ತಗೊಳ್ಳಾದು ಕರೆಂಟ್ ಕೆಲಸದವನ ಕಡಿಂದ ಕಲ್ತೆ. ದಪ್ಪ ಅಲ್ಯೂಮಿನಿಯಂ ತಂತಿ ಒಂದು ಮೊಳ ತಗೊಂಡು ಹೆಗಲೆಲುಬಿನ ಹಿಂದ ಅಡ್ಡ ಇಟ್ಟು ಮೆಲ್ಲಗ ಒತ್ತಿ ಮೈಗೆ ಕೂಡಿಸಬೇಕು, ಹಂಗೇ ಎತ್ತಿ ರಟ್ಟಿನ ಮ್ಯಾಲ ಇಟ್ಟು ಪೆನ್ಸಿಲ್ಲಿಂದ ಗೆರಿ ಎಳೀಬೇಕು. ಆಮ್ಯಾಲ ನಡುವ ಒಂದು, ಜೀನು ಮುಗಿಯೋ ಕಡಿ ಒಂದು. ಮೂರು ಗೆರಿ ಬಾಜೂ ಬಾಜೂಕ ಇಟ್ರ ಆ ಕುದುರಿ ಬೆನ್ನು ನಿಮ್ಮ ಅಂಗಡಿಗೆ ಬಂದಂಗೇ. ಬೆನ್ನಿನ ನಡುಗೆರಿ ಹೆಂಗ ಏರಿ ಇಳೀತದ ಅಂತ ಬಾಜೂಕ ನಿಂತು ಒಂದು ಫೋಟೋ. ಈ ಏರಿಳಿತಕ್ಕ ತಕ್ಕಂಗ ಪ್ಯಾಡಿನ ಎಡ ಬಲ ಎರಡು ತುಂಡು ಕತ್ತರಿಸಿ ನಡುವ ಕೂಡಿಸಬೇಕು, ಒಂದೇ ಚೌಕ ಬಟ್ಟಿ ಮಡಚಿದ್ರ ಆಗಂಗಿಲ್ಲ. ಬ್ಲೌಸಿಗೆ ಬೆನ್ನಿನ ಡಾಟ್ ಹಾಕಿದಂಗ ಅಂತ ನಮ್ಮನ್ಯಾಕಿ ಅಂದ್ಳು, ಏಕ್ದಮ್ ಸರಿ.

ಒಳಗ ಏನ್ ತುಂಬಬೇಕು ಅನ್ನಾದಕ್ಕ ಆರು ತಿಂಗಳು ಹೋತು. ಕಡೀಕ ಉತ್ತರ ಮನ್ಯಾಗೇ ಇತ್ತು. ನಮ್ಮವ್ವ ಕೌದಿ ಹೊಲೀತಾಳ. ಶಹಾಪುರ ಕಡಿಂದ ಕುರುಬರ ಕಂಬಳಿ ತರಿಸಿ, ಒಗದು, ಮೂರು ಪದರಾ ಹಾಕಿ ಅವ್ವನ ಮುಂದ ಇಟ್ಟೆ. ಹೊಸಾ ಕಂಬಳಿಗೆ ಹುಣಸಿಬೀಜದ ಗಂಜಿ ಇರ್ತದ, ಬಿರುಸು ಇರ್ತದ, ಅದಕ್ಕ ಎರಡ್ಮೂರು ಸಲ ತಣ್ಣೀರಾಗ ನೆನಿಸಿ ತೆಗೀಬೇಕು, ಬಿಸಿನೀರು ಹಾಕಿದ್ರೋ ಕುಗ್ಗಿ ಕಾಲೊರಸು ಆಗ್ತದ (ಒಂದು ಆಗೇದ, ಈಗ ಅಂಗಡಿ ಬಾಗಲಾಗ ಅದ). ಉಣ್ಣಿ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ರ ಹತ್ರ ಪಸಿ ಹೀರಿದ್ರೂ ಕೈಗೆ ಒದ್ದಿ ಅನಿಸಂಗಿಲ್ಲ, ಫೋಮಿಗೆ ಅದು ಎಲ್ಲಿಂದ ಬರಬೇಕು. ಕುದುರಿ ಮೈಗೆ ಹತ್ತೋ ಕಡಿ ಮಾಂಜರಪಾಟ, ಮ್ಯಾಲ ಡ್ರಿಲ್ ಬಟ್ಟಿ, ನಡುವ ಕಂಬಳಿ. ಕೌದಿ ಟಾಕಿ ಹಾಕಿದ್ರ ಪದರಾ ಸರಿಯಂಗಿಲ್ಲ. ಗಂಟು ಮಾತ್ರ ಕೆಳಗ ಬರಬಾರದು, ಅಂಚಿನ ಪಟ್ಟಿನೂ ಮ್ಯಾಲೇ ಮಡಚಬೇಕು. ಮೊದಲನೇದು ಅವ್ವ ಪೂರ್ತಿ ಕೈಲೇ ಹೊಲಿದ್ಳು, ಕೊಡೋ ಮುಂದ ಕುದುರಿ ಕೌದಿ ಹೊದ್ದು ಮಲಗತದೇನೋ ಅಂತ ನಕ್ಕಳು. ಈಗ ಮಷಿನ್ ಮ್ಯಾಲ ಹೊಲೀತೀನಿ, ಬರೀ ನಡುವಿನ ಜೋಡಣಿ ಅವ್ವಂದು.

ಹಾಕಿ ನೋಡೋ ವಿಧಾನ ಪಶುವೈದ್ಯ ಡಾಕ್ಟರ್ ಒಬ್ರು ಕಲಿಸಿದ್ರು. ಅರ್ಧ ತಾಸು ಓಡಿಸಿ, ಜೀನು ಇಳಿಸಿ ಬೆವರಿನ ಗುರುತು ನೋಡ್ಬೇಕು. ಎಲ್ಲಾ ಕಡಿ ಸಮ ಒದ್ದಿ ಇದ್ರ ಛಲೋ. ಒದ್ದಿ ನಡುವ ಅಂಗೈಯಷ್ಟು ಒಣಾ ಜಾಗ ಉಳಿದ್ರ ಅಲ್ಲಿ ಒತ್ತಡ ಭಾಳ ಇರಬಹುದು ಅಂತ ಅರ್ಥ, ಒತ್ತಿ ಒತ್ತಿ ಅಲ್ಲಿ ಬೆವರೇ ಬರವಲ್ದು. ಹಂಗ ಇದ್ರ ಭಾಳ ಸಲ ತಪ್ಪು ಪ್ಯಾಡಿಂದಲ್ಲ, ಜೀನಿಂದು. ಆಗ ಇನ್ನೊಂದು ಪ್ಯಾಡ್ ಕೊಡ್ರಿ ಅಂತ ಗಿರಾಕಿ ಬರ್ತಾರ, ನಾ ಕೊಡಂಗಿಲ್ಲ. ಬಳಿ ಬಿಗಿ ಅದ ಅಂತ ಕೈಗೆ ಬಟ್ಟಿ ಸುತ್ತಿ ಅದೇ ಬಳಿ ಏರಿಸ್ತೀರೇನು? ಎರಡು ಗಿರಾಕಿ ಇದಕ್ಕೇ ಸಿಟ್ಟಾಗಿ ಹೋದ್ರು, ಹೋಗ್ಲಿ.

ಈಗ ಬಣ್ಣದ ಮಾತು. ಇದನ್ನ ಹೇಳ್ಲಾಕ ಇನ್ನೂ ನಾಚಿಕಿ ಆಗ್ತದ. ಚಾಚಾರ ಬಿಳಿ ಕುದುರಿಗೆ ಕುಂಕುಮ ಕೆಂಪು ಪ್ಯಾಡ್ ಹೊಲಿದಿದ್ದೆ, ನೀರಾಗ ನೆನಿಸಿ ಟೆಸ್ಟೂ ಮಾಡಿದ್ದೆ, ಬಣ್ಣ ಬಿಡಲಿಲ್ಲ. ಬರಾತ್ ಎರಡು ತಾಸು ನಡೀತು, ಡಿಜೆ ಮುಂದ ಕುದುರಿ ನಿಂತು ನಿಂತು ಬೆವರಿತು, ಮಂಟಪದ ಮುಂದ ಜೀನು ಇಳಿಸಿದ್ರ ಬಿಳಿ ಕುದುರಿ ಅರ್ಧ ಗುಲಾಬಿ! ಬೀಗರು ರಕ್ತ ಅನ್ಕೊಂಡು ಗಾಬರಿ ಆದ್ರು, ಹುಡುಗ್ರು ವಿಡಿಯೋ ಮಾಡಿದ್ರು, ಚಾಚಾ ನನಗ ಫೋನ್ ಮಾಡಿ ಏನೂ ಮಾತಾಡ್ದೇ ನಕ್ಕಿದ್ದೇ ನಕ್ಕಿದ್ದು. ಯಾಕ ಹಿಂಗಾತು ಅಂದ್ರ ಕುದುರಿ ಬೆವರು ನಮ್ಮ ಬೆವರಿನಂಗಲ್ಲ. ಉಪ್ಪು ಭಾಳ, ಮತ್ತ ಅದರಾಗ ಲ್ಯಾಥರಿನ್ ಅಂತ ಒಂದು ಪ್ರೋಟೀನ್ ಇರ್ತದ, ಅದು ಸಾಬೂನಿನಂಗ ನೊರಿ ಮಾಡ್ತದ. ಓಡಿದ ಕುದುರಿ ಕುತ್ತಿಗಿ ಮ್ಯಾಲ ಬಿಳಿ ಬುರುಗು ನೋಡೀರಲ್ಲ, ಅದೇ. ಅಂದ್ರ ನಾ ಬರೀ ನೀರಾಗ ಟೆಸ್ಟ್ ಮಾಡಿದ್ದೆ, ಕುದುರಿ ಎರಡು ತಾಸು ಸಾಬೂನ್ ಹಚ್ಚಿ ತಿಕ್ಕಿತ್ತು. ಈಗ ಪ್ರತಿ ಥಾನಿನ ಒಂದು ತುಂಡು ಉಗುರುಬೆಚ್ಚಗಿನ ಉಪ್ಪು ಸಾಬೂನ್ ನೀರಾಗ ರಾತ್ರಿ ಇಟ್ಟು ಮುಂಜಾನಿ ಬಿಳಿ ಧೋತರದ ತುಂಡಿಗೆ ತಿಕ್ಕಿ ನೋಡ್ತೀನಿ. ಕೆಳಗಿನ ಪದರಕ್ಕಂತೂ ಬಣ್ಣಾನೇ ಹಾಕಂಗಿಲ್ಲ.

ಬರಾತಿನವರಿಗೆ ಮಾರೋದು ಒಂದು ಬ್ಯಾರೇನೇ ಕಲಾ. ಬೆನ್ನಿಗೆ ಛಲೋದು ಅಂದ್ರ ಯಾರೂ 1,800 ಕೊಡಂಗಿಲ್ಲ. ಝಗಮಗ ಅಂದ್ರ ಕೊಡ್ತಾರ. ಅದಕ್ಕ ನಾ ಝೂಲು, ಅಂದ್ರ ಕುದುರಿ ಮ್ಯಾಲ ಹೊದಿಸೋ ಅಲಂಕಾರದ ಬಟ್ಟಿ ಮಾರ್ತೀನಿ, ಜರಿ, ಕನ್ನಡಿ, ಗೊಂಡೆ ಎಲ್ಲಾ, ಪ್ಯಾಡ್ ಅದರ ಕೆಳಗ ಬಟನ್ ಹಾಕಿ ಕೂಡಿಸಿರ್ತೀನಿ. ಒಗಿಯೋ ಮುಂದ ಬಿಚ್ಚಿ ಪ್ಯಾಡ್ ಅಷ್ಟೇ ಒಗೀಬೇಕು, ಜರಿಗೆ ನೀರು ಮುಟ್ಟಂಗಿಲ್ಲ. ಗಿರಾಕಿ ಝೂಲಿಗೆ ರೊಕ್ಕ ಕೊಟ್ಟೆ ಅನ್ಕೋತಾನ, ಕುದುರಿಗೆ ಕಂಬಳಿ ಸಿಗತದ. ಮೋಸ ಅಂತೀರೇನು, ಅನ್ರಿ.

ಮ್ಯಾಚಿಂಗ್ ಬಟ್ಟಿ ಶುರುವಾಗಿದ್ದು ಯಾದಗಿರಿ ಕಡಿ ಗೌಡ್ರೊಬ್ರಿಂದ. ಫಾರಿನ್ನಿನಾಗ ಮ್ಯಾಚಿಂಗ್ ಅಂದ್ರ ಪ್ಯಾಡಿನ ಬಣ್ಣದ್ದೇ ಟೀಶರ್ಟು, ಕುದುರಿ ಕಿವಿ ಟೊಪ್ಪಿಗಿ, ಕಾಲಿಗೆ ಸುತ್ತೋ ಪಟ್ಟಿ. ನಾ ಅದರ ಫೋಟೋ ತೋರ್ಸಿದ್ರ ಗೌಡ್ರು, ಅವೆಲ್ಲಾ ಬ್ಯಾಡೋ ತಮ್ಮಾ, ನನ್ನ ರುಮಾಲಿಗೆ ಮ್ಯಾಚ್ ಆಗಬೇಕು ಅಂದ್ರು. ನಾ ಯಾಕ ಇದನ್ನ ಯೋಚನಿ ಮಾಡಿದ್ದಿಲ್ಲ! ಗುಳೇದಗುಡ್ಡದ ಖಣದ ಪಟ್ಟಿ ಪ್ಯಾಡಿನ ಅಂಚಿಗೆ, ಅದೇ ಖಣ ವೇಸ್ಟ್‌ಕೋಟಿನ ಜೇಬಿಗೆ, ರುಮಾಲು ಅದೇ ಬಣ್ಣದ್ದು. ಸೆಟ್ 4,200ಕ್ಕ ಹೋತು. ಜಾತ್ರ್ಯಾಗ ಅವರನ್ನ ನೋಡಿ ಇನ್ನೂ ನಾಕು ಮಂದಿ ಬಂದ್ರು.

ಖರೇ ಹತ್ತಿ ಕಲಿಯೋರದು ಬ್ಯಾರೆ ತೊಂದರಿ. ಒಬ್ಬಾಕಿ ಕಾಲೇಜ್ ಹುಡುಗಿ, ಬೀದರದಾಕಿ, ಅವರಪ್ಪ ಮಾಳೇಗಾಂವ ಜಾತ್ರಿಂದ ಕಾಠಿಯಾವಾಡಿ ತಂದು ಕೊಟ್ಟಾರ. ಆಕಿ ಜೀನ್ಸ್ ಹಾಕ್ಕೊಂಡು ಹತ್ತಿ ಮೊಳಕಾಲ ಒಳಗಡಿ ಕೆತ್ತಿಸ್ಕೊಂಡಿದ್ಲು, ಯಾಕಂದ್ರ ಜೀನ್ಸಿನ ದಪ್ಪ ಹೊಲಿಗಿ ಸರಿಯಾಗಿ ಜೀನು ತಿಕ್ಕೋ ಕಡೀನೇ ಬರ್ತದ. ಆನ್‌ಲೈನ್ ತರಿಸಿದ ಬ್ರೀಚಸ್ (ಕುದುರಿ ಹತ್ತೋರ ಬಿಗಿ ಪ್ಯಾಂಟು) ನಡಾ ಸರಿ ಆದ್ರ ಉದ್ದ ಹೆಚ್ಚು, ಉದ್ದ ಸರಿ ಆದ್ರ ನಡಾ ಬಿಗಿ, ಮ್ಯಾಲ ಬಟ್ಟಿ ಎಷ್ಟು ಮೈಗೆ ಅಂಟ್ತದ ಅಂದ್ರ ಊರಾಗ ಹಾಕ್ಕೊಂಡು ಅಡ್ಡಾಡ್ಲಾಕ ಆಗಂಗಿಲ್ಲ ಅಂಕಲ್ ಅಂದ್ಳು. ಆಕಿಗೆ ಹಳಿ ಜೋಧಪುರಿ ಪ್ಯಾಂಟಿನ ಕಟ್ಟು ಹಾಕಿದೆ, ತೊಡಿ ಸಡ್ಲ, ಮೊಳಕಾಲಿಂದ ಕೆಳಗ ಬಿಗಿ. ಒಳಗಡಿ ಹೊಲಿಗಿ ತೆಗದು ಒಂದೇ ದೊಡ್ಡ ತುಂಡು ಹಾಕಿ ಹೊಲಿಗಿ ಮುಂದ ಹಿಂದ ಸರಿಸಿದೆ. ಮ್ಯಾಲ ಉದ್ದ ಕಾಟನ್ ಕುರ್ತಾ, ಎರಡೂ ಬಾಜೂ ಸೊಂಟದ ತನಕ ಸೀಳು, ಇಲ್ಲಾಂದ್ರ ಜೀನಿನ ಹಿಂದ ಸಿಕ್ಕಿ ಎಳೀತದ. ದುಪಟ್ಟಾ ಬ್ಯಾಡೇ ಬ್ಯಾಡ ಅಂದೆ, ಅದರ ಬದಲಿ ಕುರ್ತಾಕ್ಕೇ ಎದಿ ಮ್ಯಾಲ ಒಂದು ಪದರಾ ಜಾಸ್ತಿ ಹೊಲಿದೆ. ಮೂರು ಸಲ ಬಿಚ್ಚಿ ಹೊಲಿದಿದ್ದು ಇದು. ಈಗ ಆಕಿ ಗೆಳತ್ಯಾರಿಗೂ ಮಾಡ್ಲತೀನಿ.

ಚಪ್ಪಲಿ ಹಾಕ್ಕೊಂಡು ಹತ್ತೋರಿಗೆ ನಾ ಬಟ್ಟಿನೂ ಕೊಡಂಗಿಲ್ಲ ಅಂತ ಹೇಳೀನಿ. ರಿಕಾಬಿನಾಗ (ಜೀನಿನಿಂದ ಕೆಳಗ ಇಳಿಬಿಟ್ಟ ಕಾಲಿಡೋ ಬಳಿ) ಕಾಲು ಪೂರ್ತಿ ಒಳಗ ಜಾರಿ ಸಿಕ್ಕಿ ಬಿದ್ರ ಕುದುರಿ ಎಳ್ಕೊಂಡು ಹೋಗ್ತದ. ಸಣ್ಣ ಹಿಮ್ಮಡಿ ಇರೋ ಬೂಟು ಬೇಕು, ನಮ್ಮ ಕಡಿ ಮಕ್ಕಳ ಸೈಜಿನಾಗ ಅದು ನನಗ ಇನ್ನೂ ಸಿಕ್ಕಿಲ್ಲ. ಹೆಲ್ಮೆಟ್ ಮಾತು ತೆಗದ್ರ ಗೌಡ್ರು ರುಮಾಲು ಮುಟ್ಟಿ ತೋರಿಸ್ತಾರ.

ಇನ್ನೂ ಆಗಲಾರದ ಕೆಲಸ ಅಂದ್ರ ಕಿವಿ ಟೊಪ್ಪಿಗಿ. ನೊಣದ ಕಾಲಕ್ಕ ಭಾಳ ಬೇಕಾಗ್ತದ. ಸಿಗೋ ಟೊಪ್ಪಿಗಿಯೊಳಗ ಕಿವಿ ನೆಟ್ಟಗ ದೂರ ದೂರ ಇರ್ತಾವ, ನಮ್ಮ ಮಾರ್ವಾಡಿ ಕುದುರಿ ಕಿವಿ ಒಳಗ ಬಾಗಿ ತುದಿಗೆ ತುದಿ ಮುಟ್ಟತಾವ. ಮೂರು ಹೊಲಿದು ನೋಡ್ದೆ, ಮೂರೂ ಚಾಚಾರ ಕುದುರಿ ತಲಿ ಝಾಡಿಸಿ ಒಗೀತು, ಒಂದನ್ನ ತಿಂದೂ ಬಿಡ್ತು.

ಅಂದಂಗ ಐದುನೂರು ವರ್ಷದ ಹಿಂದ ನಿಕಿತಿನ್ ಅಂತ ಒಬ್ಬ ರಷ್ಯಾ ವ್ಯಾಪಾರಿ ಒಂದೇ ಒಂದು ಕುದುರಿ ಮಾರ್ಲಾಕ ಸಮುದ್ರ ದಾಟಿ ಬೀದರಕ್ಕ ಬಂದಿದ್ದ, ನಮ್ಮ ಆಳಂದದ ಜಾತ್ರಿಗೆ 20,000 ಕುದುರಿ ಬರ್ತಾವ ಅಂತ ಬರದಿಟ್ಟಾನ. ಅಷ್ಟು ಬೆನ್ನಿಗೆ ಯಾರು ಗಾದಿ ಹೊಲೀತಿದ್ರೋ, ರಾತ್ರಿ ಮಷಿನ್ ಮುಂದ ಕುಂತಾಗ ನೆನಪಾಗ್ತದ.

ಈಗ ದೂರದವರು ವಾಟ್ಸಾಪಿನಾಗ ಅಳತಿ ಕಳಿಸ್ತಾರ. ನಿನ್ನಿ ಭಾಲ್ಕಿಯವರೊಬ್ರು ತಂತಿ ಗೆರಿ ಪೇಪರ್ ಮ್ಯಾಲ ಎಳದು ಫೋಟೋ ಹಾಕ್ಯಾರ, ಗೆರಿ ಭಾಳ ಛಲೋ ಬಂದದ, ಆದ್ರ ಮೂರರಾಗ ಹೆಗಲಿಂದು ಯಾವುದು ಸೊಂಟದ್ದು ಯಾವುದು ಅಂತ ಬರದೇ ಇಲ್ಲ. ಮುಂಜಾನಿಂದ ಫೋನ್ ಹಚ್ಚಲತೀನಿ, ಎತ್ತವಲ್ರು.